ಬೇರೆ ಬೇರೆ ಊರಿನ ಹುಳಗಳು ಒಂದೆಡೆ ಸೇರಿದಾಗ: ಜೈವಿಕ ನಿಯಂತ್ರಣದ ಕೀಟಗಳಲ್ಲಿ ತಳಿ ಬೆರಕೆ – ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆಯನ್ನೋ ಪೀಡೆಯನ್ನೋ ಹತೋಟಿಗೆ ತರಲು ಹೊರದೇಶದಿಂದ ಹುಳ ತಂದು ಬಿಡುವುದು ನೂರು ವರ್ಷಕ್ಕೂ ಹಳೆಯ ಪದ್ಧತಿ. ಆ ಹುಳ ಯಾವ ಜಾತಿ ಎಂದು ಎಲ್ಲರೂ ಕೇಳುತ್ತಾರೆ. ಯಾವ ಊರಿನದು, ಅದೇ ಜಾತಿಯ ಬೇರೆ ಊರಿನ ಹುಳ ಈಗಾಗಲೇ ಇಲ್ಲಿದೆಯಾ, ಎರಡೂ ಕೂಡಿದರೆ ಹುಟ್ಟುವ ಮರಿ ಹೇಗಿರುತ್ತದೆ ಎಂದು ಕೇಳುವವರು ಕಡಿಮೆ. ಈ ಪುಟ ಇರುವುದು ಆ ಪ್ರಶ್ನೆಗಳಿಗಾಗಿ.

ತಳಿ ಬೆರಕೆ ಅಂದರೆ ಇಲ್ಲಿ ಏನರ್ಥ?

ನಾಟಿ ಹಸುವಿಗೆ ಎಚ್ಎಫ್ ಹೋರಿಯ ವೀರ್ಯ ಕೊಡಿಸಿದರೆ ಮಿಶ್ರತಳಿ ಕರು ಹುಟ್ಟುತ್ತದಲ್ವಾ? ಹುಳಗಳಲ್ಲೂ ಆಗುವುದು ಅದೇ. ಆದರೆ ಹಸುವಿನ ವಿಷಯದಲ್ಲಿ ಯಾವುದನ್ನು ಯಾವುದಕ್ಕೆ ಕೂಡಿಸಬೇಕು ಎಂದು ನಾವು ನಿರ್ಧರಿಸುತ್ತೇವೆ. ಹುಳವನ್ನು ಬಯಲಿಗೆ ಬಿಟ್ಟ ಮೇಲೆ ಆ ನಿರ್ಧಾರ ನಮ್ಮ ಕೈಯಲ್ಲಿ ಇರುವುದಿಲ್ಲ.

ಬೆರಕೆಯಲ್ಲಿ ಮೂರು ಬಗೆ ಇವೆ. ಒಂದೇ ಜಾತಿಯ ಬೇರೆ ಬೇರೆ ಊರಿನ ಗುಂಪುಗಳು ಕೂಡುವುದು ಒಂದು. ಹತ್ತಿರದ ಸಂಬಂಧವಿರುವ ಎರಡು ಜಾತಿಗಳು ಕೂಡುವುದು ಇನ್ನೊಂದು. ಹೊರಗಿನಿಂದ ತಂದ ಹುಳ ಇಲ್ಲೇ ಮೊದಲಿನಿಂದ ಇದ್ದ ಹುಳದ ಜೊತೆ ಕೂಡುವುದು ಮೂರನೆಯದು. ಮೂರಕ್ಕೂ ನಿಜವಾದ ಉದಾಹರಣೆಗಳು ಕೆಳಗಿವೆ.

ಇದು ಕುಲಾಂತರಿ ತಂತ್ರಜ್ಞಾನವಾ?

ಅಲ್ಲ. ಲ್ಯಾಬಿನಲ್ಲಿ ಯಾರೂ ಜೀನ್ ತುರುಕುವುದಿಲ್ಲ. ಗಂಡು ಹೆಣ್ಣು ತಾವಾಗಿಯೇ ಕೂಡಿ ಮರಿ ಮಾಡುತ್ತವೆ, ಅಷ್ಟೇ.

ಒಂದು ಕಡೆಯಿಂದ ತಂದರೆ ಸಾಲದಾ? ಹಲವು ದೇಶಗಳಿಂದ ಯಾಕೆ ತರುತ್ತಾರೆ?

ಎರಡು ಕಾರಣ ಇವೆ.

ಮೊದಲನೆಯದು, ತರುವ ಹುಳಗಳ ಸಂಖ್ಯೆ ತುಂಬಾ ಚಿಕ್ಕದು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಉಳಿಸಿದ ರೊಡೋಲಿಯಾ ಎಂಬ ಗುಲಗಂಜಿ ಹುಳುವಿನ ಕತೆ ಪ್ರಸಿದ್ಧ. ಆಲ್ಬರ್ಟ್ ಕೋಬೆಲೆ 1888–89 ರಲ್ಲಿ ಆಸ್ಟ್ರೇಲಿಯಾದಿಂದ ಕಳಿಸಿದ ಮೊದಲ ಕಂತುಗಳಲ್ಲಿ ಇದ್ದದ್ದು 129 ಹುಳ ಮಾತ್ರ. ಅದು ಗೆದ್ದಿತು. ಆದರೆ ಪ್ರತಿ ಸಲವೂ ಹಾಗಾಗುವುದಿಲ್ಲ. ಕೆಲವೇ ಹುಳಗಳಿಂದ ಶುರುವಾದ ಸಂತತಿಯಲ್ಲಿ ಅಣ್ಣ ತಂಗಿಯರೇ ಕೂಡುತ್ತಾರೆ. ಅಡಗಿದ್ದ ದೋಷಗಳು ಮೇಲೆ ಬರುತ್ತವೆ. ಪರಾವಲಂಬಿ ಕಣಜ ಪೀಡೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಅದನ್ನು ಒಳಗಿಂದ ತಿಂದು ಬೆಳೆಯುತ್ತದೆ. ಅಂಥ ಕೆಲವು ಜಾತಿಗಳಲ್ಲಿ ಇದು ಇನ್ನೂ ಕೆಟ್ಟ ರೂಪ ತಾಳುತ್ತದೆ. ಹೆಣ್ಣಾಗಬೇಕಿದ್ದ ಮೊಟ್ಟೆಗಳು ಗಂಡಾಗಿಬಿಡುತ್ತವೆ, ಆ ಗಂಡುಗಳೂ ಬಹುತೇಕ ಬಂಜೆ. ಪೀಡೆಯೊಳಗೆ ಮೊಟ್ಟೆ ಇಡುವುದು ಹೆಣ್ಣು ಮಾತ್ರ. ಹಾಗಾಗಿ ಹೆಣ್ಣು ಕಡಿಮೆಯಾದರೆ ಕೆಲಸ ನಿಂತಂತೆಯೇ.

ಎರಡನೆಯದು ಹವಾಮಾನ. ಒಂದೇ ಜಾತಿಯ ಹುಳವಾದರೂ ಚಳಿ ಊರಿನದು ಚಳಿಗೆ ಒಗ್ಗಿರುತ್ತದೆ, ಬಿಸಿಲೂರಿನದು ಬಿಸಿಲಿಗೆ. ಬಿಡುವ ಜಾಗಕ್ಕೆ ಯಾವುದು ಹೊಂದುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ಅದಕ್ಕೇ ನಾಲ್ಕು ಕಡೆಯಿಂದ ತಂದು ನೋಡುತ್ತಾರೆ.

ಇದನ್ನು ಚೆನ್ನಾಗಿ ಅರ್ಥ ಮಾಡಿಸುವ ಒಂದು ಉದಾಹರಣೆ ಕೊಡಿ.

ಅಮೆರಿಕದ ಪಶ್ಚಿಮ ಭಾಗದ ಟ್ಯಾಮರಿಸ್ಕ್ ಗಿಡ ಮತ್ತು ಅದರ ಎಲೆ ತಿನ್ನುವ ಡಿಯೊರ‍್ಹಾಬ್ಡಾ ದುಂಬಿ. ಈ ವಿಷಯದಲ್ಲಿ ಇದಕ್ಕಿಂತ ಹೆಚ್ಚು ಕಲಿಸುವ ಕತೆ ನನಗೆ ಸಿಕ್ಕಿಲ್ಲ.

ಟ್ಯಾಮರಿಸ್ಕ್ ಅಲ್ಲಿನ ಗಿಡ ಅಲ್ಲ. 1800 ರ ದಶಕಗಳಲ್ಲಿ ಏಷ್ಯಾ ಮತ್ತು ಮೆಡಿಟರೇನಿಯನ್ ಕಡೆಯಿಂದ ಅಂದಕ್ಕೆ, ಗಾಳಿ ತಡೆಗೆ, ನದಿ ದಂಡೆಯ ಮಣ್ಣು ಹಿಡಿಯಲು ತಂದರು. ಅದು ನದಿಗಳುದ್ದಕ್ಕೂ ಹಬ್ಬಿ ದಟ್ಟ ಪೊದೆಯಾಯಿತು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ಅಲ್ಲಿ ಹಬ್ಬಿರುವ ಗಿಡವೇ ಬೆರಕೆ. ಏಷ್ಯಾದಲ್ಲಿ ದೂರ ದೂರ ಬೆಳೆಯುವ ಎರಡು ಜಾತಿಗಳು ಅಮೆರಿಕದಲ್ಲಿ ಅಕ್ಕಪಕ್ಕ ಬಂದು ಕೂಡಿದವು. 2002 ರಲ್ಲಿ ಡಿಎನ್ಎ ನೋಡಿದಾಗ ಅಲ್ಲಿ ಅತಿ ಹೆಚ್ಚು ಕಂಡ ಬೆರಕೆ ಗಿಡ ಏಷ್ಯಾದ ಮಾದರಿಗಳಲ್ಲಿ ಇರಲೇ ಇಲ್ಲ.

ಇದರ ಎಲೆ ತಿನ್ನಲು ಚೀನಾದ ಫುಕಾಂಗ್ ಮತ್ತು ಕಝಾಕಿಸ್ತಾನದ ಚಿಲಿಕ್ ಎಂಬ ಕಡೆಗಳಿಂದ ದುಂಬಿ ತಂದರು. ಮೊದಲು ಪರದೆ ಕಟ್ಟಿ ಅದರೊಳಗೆ ಸಾಕಿ, 2001 ರಲ್ಲಿ ಬಯಲಿಗೆ ಬಿಟ್ಟರು. ನೆವಾಡಾದ ಲವ್‌ಲಾಕ್‌ನಲ್ಲಿ ಮುಂದಿನ ವರ್ಷವೇ ಪೊದೆಗಳು ಬೋಳಾದವು. ಆದರೆ ದಕ್ಷಿಣದ ಟೆಕ್ಸಸ್‌ನಲ್ಲಿ ಅದೇ ದುಂಬಿ ನೆಲೆಯೂರಲೇ ಇಲ್ಲ.

ಒಂದೇ ದುಂಬಿ, ಒಂದೇ ಗಿಡ. ಉತ್ತರದಲ್ಲಿ ಗೆದ್ದು ದಕ್ಷಿಣದಲ್ಲಿ ಸೋತದ್ದು ಯಾಕೆ?

ಹಗಲಿನ ಉದ್ದದಿಂದ. ಈ ದುಂಬಿ ಚಳಿಗಾಲವನ್ನು ನೆಲದ ಮೇಲಿನ ಒಣ ಎಲೆಗಳ ಅಡಿಯಲ್ಲಿ ನಿದ್ದೆ ಮಾಡಿ ಕಳೆಯುತ್ತದೆ. ಯಾವಾಗ ಮಲಗಬೇಕು ಎನ್ನುವುದನ್ನು ಚಳಿ ನೋಡಿ ತೀರ್ಮಾನಿಸುವುದಿಲ್ಲ, ಹಗಲು ಎಷ್ಟು ಹೊತ್ತಿದೆ ಎನ್ನುವುದರ ಮೇಲೆ ತೀರ್ಮಾನಿಸುತ್ತದೆ. ಫುಕಾಂಗ್ ಇರುವುದು 44 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಅಲ್ಲಿ ಬೇಸಿಗೆಯ ಹಗಲು ತುಂಬಾ ಉದ್ದ. ಹಗಲು ಸುಮಾರು ಹದಿನಾಲ್ಕೂವರೆ ಗಂಟೆಗಿಂತ ಕಡಿಮೆಯಾದರೆ ಚಳಿ ಬರಲಿದೆ ಎಂದರ್ಥ. ದುಂಬಿಯ ಮೈಯೊಳಗೆ ಆ ಲೆಕ್ಕ ಕೂತಿದೆ.

ಟೆಕ್ಸಸ್‌ನ ಬಹುಭಾಗದಲ್ಲಿ ವರ್ಷದ ಅತಿ ಉದ್ದದ ಹಗಲೂ ಅಷ್ಟು ಇರುವುದಿಲ್ಲ. ಅಂದರೆ ಬೇಸಿಗೆಯ ನಡುವೆಯೇ ದುಂಬಿ ಚಳಿಗಾಲ ಬಂತೆಂದು ಮಲಗಿಬಿಡುತ್ತದೆ. ಮುಂದೆ ಎಷ್ಟೋ ತಿಂಗಳು ಬಿಸಿಲಿದೆ, ಎಲೆಯೂ ಇದೆ. ದುಂಬಿ ಮಾತ್ರ ತಿನ್ನುವುದಿಲ್ಲ. ಮೈಯಲ್ಲಿದ್ದ ಕೊಬ್ಬು ವಸಂತ ಬರುವ ಮೊದಲೇ ಕರಗಿ ಸಾಯುತ್ತದೆ.

ಹಾಗಾಗಿ ದಕ್ಷಿಣಕ್ಕೆ ದಕ್ಷಿಣದ್ದೇ ದುಂಬಿ ಹುಡುಕಿದರು. ಗ್ರೀಸ್‌ನ ಕ್ರೀಟ್ ದ್ವೀಪ, ಉಜ್ಬೇಕಿಸ್ತಾನದ ಕಾರ್ಶಿ, ಟುನೀಶಿಯಾದ ಸ್ಫಾಕ್ಸ್‌ನಿಂದ ತಂದು ಟೆಕ್ಸಸ್‌ನಲ್ಲಿ ಬೇರೆ ಬೇರೆ ಕಡೆ ಬಿಟ್ಟರು. ಕ್ರೀಟ್‌ನದು ಬಿಗ್ ಸ್ಪ್ರಿಂಗ್ ಎಂಬಲ್ಲಿ ಚೆನ್ನಾಗಿ ನೆಲೆಯೂರಿತು. ಟುನೀಶಿಯಾದ್ದು ರಿಯೊ ಗ್ರಾಂಡೆ ನದಿಯುದ್ದಕ್ಕೂ ಹರಡಿತು. ಆಗ ಇವೆಲ್ಲ ಒಂದೇ ಜಾತಿಯ ಬೇರೆ ಬೇರೆ ಊರಿನ ಗುಂಪುಗಳು ಎಂದೇ ನಂಬಿಕೆ.

ಆ ನಂಬಿಕೆ ಸರಿಯಿತ್ತಾ?

ಇರಲಿಲ್ಲ. 2009 ರಲ್ಲಿ ಟ್ರೇಸಿ ಮತ್ತು ರಾಬಿನ್ಸ್ ಎಂಬ ಇಬ್ಬರು ಸಂಗ್ರಹಾಲಯಗಳ ದುಂಬಿಗಳನ್ನು ತೆಗೆದು, ಜನನಾಂಗದ ಗಟ್ಟಿ ಭಾಗಗಳ ಆಕಾರವನ್ನು ಹೋಲಿಸಿದರು. ಒಂದೇ ಎಂದುಕೊಂಡಿದ್ದು ಐದು ಜಾತಿಗಳ ಗುಂಪು ಎಂದು ತೋರಿಸಿದರು. ಅದರಲ್ಲಿ ನಾಲ್ಕು ಆಗಲೇ ಅಮೆರಿಕದ ಬಯಲಿನಲ್ಲಿದ್ದವು. ಹೊರಗಿನಿಂದ ನೋಡಿದರೆ ನಾಲ್ಕೂ ಹೆಚ್ಚು ಕಡಿಮೆ ಒಂದೇ ಥರ, ಹಳದಿ ಮಿಶ್ರಿತ ಕಂದು ಬಣ್ಣದ ಚಿಕ್ಕ ದುಂಬಿಗಳು.

ಈ ಕೆಲಸ ಬಿಡುಗಡೆಗೆ ಮೊದಲೇ ಆಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಜಾತಿ ಗುರುತಿಸುವ ತಜ್ಞರಿಗೆ ಎಲ್ಲ ದೇಶಗಳಲ್ಲೂ ಹಣ ಕಡಿಮೆ, ಗೌರವವೂ ಕಡಿಮೆ. ಆದರೆ ಅವರ ಕೆಲಸ ಮುಗಿಯದೆ ಉಳಿದದ್ದೆಲ್ಲ ಕತ್ತಲೆಯಲ್ಲಿ ನಡೆದಂತೆ.

ಆ ನಾಲ್ಕು ಜಾತಿಗಳು ಬೆರೆತವಾ?

ಕೆಲವು ಬೆರೆತವು, ಒಂದು ಅಷ್ಟಾಗಿ ಬೆರೆಯಲಿಲ್ಲ. ಸಂಶೋಧಕ ಡ್ಯಾನ್ ಬೀನ್ ಮತ್ತು ಅವರ ಜೊತೆಗಾರರು ಲ್ಯಾಬಿನಲ್ಲಿ ಜೋಡಿ ಮಾಡಿ ನೋಡಿದರು. ಕ್ರೀಟ್, ಉಜ್ಬೇಕಿಸ್ತಾನ, ಟುನೀಶಿಯಾ ಮೂಲದವು ತಮ್ಮೊಳಗೆ ಸುಲಭವಾಗಿ ಕೂಡಿ ಮರಿ ಮಾಡಿದವು. ಚೀನಾ–ಕಝಾಕಿಸ್ತಾನ ಮೂಲದ ಉತ್ತರದ ದುಂಬಿಯ ಜೊತೆ ಕೂಡಿಸಿದಾಗ ಮಾತ್ರ ಮೊಟ್ಟೆ ಒಡೆಯುವುದು ಕಡಿಮೆಯಾಯಿತು.

ಬಯಲಿನಲ್ಲೂ ಚಿತ್ರ ಹಾಗೇ ಬಂತು. 2022 ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನದಲ್ಲಿ ಟೆಕ್ಸಸ್ ಸುತ್ತಮುತ್ತ ಆ ಮೂರು ಜಾತಿಗಳ ಬೆರಕೆ ಸಾಕಷ್ಟು ಸಿಕ್ಕಿತು. ಉತ್ತರದ ದುಂಬಿ ಬಹುಮಟ್ಟಿಗೆ ತನ್ನಷ್ಟಕ್ಕೇ ಉಳಿದಿತ್ತು.

ಬೆರೆಯದೆಯೇ ಉತ್ತರದ ದುಂಬಿ ದಕ್ಷಿಣಕ್ಕೆ ಹೋಯಿತು ಅಂತಾರಲ್ಲ, ಅದು ಹೇಗೆ?

ಈ ಭಾಗವನ್ನು ನಿಧಾನವಾಗಿ ಓದಿ. ಹೊಸ ಗುಣ ಬರಬೇಕಾದರೆ ಹೊರಗಿನ ರಕ್ತವೇ ಬೇಕು ಎಂಬ ಅಭಿಪ್ರಾಯವನ್ನು ಇದು ಬದಲಿಸುತ್ತದೆ.

2006 ರಲ್ಲಿ ಯೂಟಾ ರಾಜ್ಯದ ಸೇಂಟ್ ಜಾರ್ಜ್ ಊರಿನ ಹತ್ತಿರ, ವರ್ಜಿನ್ ನದಿಯ ದಂಡೆಯಲ್ಲಿ ಉತ್ತರದ ದುಂಬಿಯನ್ನು ಬಿಟ್ಟರು. ಜಾಗ 37 ಡಿಗ್ರಿ ಅಕ್ಷಾಂಶದಲ್ಲಿದೆ. ಹಳೆಯ ಲೆಕ್ಕದ ಪ್ರಕಾರ ಅದು ಈ ದುಂಬಿಗೆ ಅಂಚಿನಾಚೆ. ಆದರೆ ಒಂದೇ ಗುಂಪಿನಲ್ಲೂ ಎಲ್ಲ ದುಂಬಿಗಳ ಲೆಕ್ಕ ಒಂದೇ ಇರುವುದಿಲ್ಲ. ಕೆಲವು ಸ್ವಲ್ಪ ತಡವಾಗಿ ಮಲಗುತ್ತವೆ. ದಕ್ಷಿಣದ ಅಂಚಿನಲ್ಲಿ ಬದುಕಿ ಮರಿ ಮಾಡಿದ್ದು ಅಂಥವೇ. ಅವುಗಳ ಮರಿಗಳಲ್ಲಿ ಇನ್ನೂ ತಡವಾಗಿ ಮಲಗುವವು ಮತ್ತಷ್ಟು ಕೆಳಗೆ ಸಾಗಿದವು. ಕೆಲವೇ ವರ್ಷಗಳಲ್ಲಿ ನಿದ್ದೆಗೆ ಬೇಕಾದ ಹಗಲಿನ ಉದ್ದವೇ ಬದಲಾಗಿದೆ ಎಂದು 2012 ರ ಹೊತ್ತಿಗೆ ಅಳೆದು ತೋರಿಸಿದರು. ದುಂಬಿ ನದಿಯ ಜೊತೆಯಲ್ಲೇ ಅರಿಜೋನಾ ಕಡೆಗೆ ಇಳಿಯಿತು.

ಅದು ಹೋಗಬಾರದಿದ್ದ ಜಾಗಕ್ಕೆ ಹೋಯಿತು ಎನ್ನುವುದೇ ಕಷ್ಟ. ನೈಋತ್ಯ ಅಮೆರಿಕದಲ್ಲಿ ವಿಲ್ಲೋ ಫ್ಲೈಕ್ಯಾಚರ್ ಎಂಬ ನೊಣಹಿಡುಕ ಹಕ್ಕಿಯ ಒಂದು ಉಪಜಾತಿ ಇದೆ. 1995 ರಿಂದ ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಹಳೆಯ ವಿಲ್ಲೋ ಮರಗಳು ಹೋದ ಕಡೆ ಅದು ಟ್ಯಾಮರಿಸ್ಕ್‌ನಲ್ಲೇ ಗೂಡು ಕಟ್ಟಲು ಶುರು ಮಾಡಿತ್ತು. ಅಂಥ ಗೂಡುಗಳಿಂದ 200 ಮೈಲಿ ಒಳಗೆ ದುಂಬಿ ಬಿಡಬಾರದು ಎಂಬುದು ಶುರುವಿನ ಒಪ್ಪಂದ. ದುಂಬಿ ತಾನಾಗಿ ಅಷ್ಟು ದಕ್ಷಿಣಕ್ಕೆ ಬರುವುದಿಲ್ಲ ಎಂದೂ ನಂಬಿದ್ದರು. ಕೊನೆಗೆ 2010 ರಲ್ಲಿ ಅಮೆರಿಕದ ಕೃಷಿ ಇಲಾಖೆ ಈ ದುಂಬಿಯನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ದು ಬಿಡುವ ಪರವಾನಗಿಗಳನ್ನು ನಿಲ್ಲಿಸಿತು.

ನಿಲ್ಲಿಸಿದ ಮೇಲೆ ದುಂಬಿ ನಿಂತಿತಾ?

ಇಲ್ಲ. ನಿಂತದ್ದು ಪರವಾನಗಿ ಮಾತ್ರ.

ಬೆರಕೆ ಮರಿ ಅಪ್ಪ ಅಮ್ಮನಿಗಿಂತ ಬಲವಾಗಿರುತ್ತದಾ, ದುರ್ಬಲವಾಗಿರುತ್ತದಾ?

ಎರಡೂ ಆಗಬಹುದು. ಒಂದೇ ಉತ್ತರ ಹೇಳುವವರನ್ನು ನಂಬಬೇಡಿ.

ಮರಿ ಬಲವಾದದ್ದಕ್ಕೆ ಉದಾಹರಣೆ: ಅಮೆರಿಕದಲ್ಲಿ ರಾಗ್‌ವರ್ಟ್ ಎಂಬ ವಿಷದ ಕಳೆಯಿದೆ, ದನ ಕುದುರೆಗಳಿಗೆ ಅಪಾಯ. ಅದರ ಮೇಲೆ ಬಿಡುವ ಚಿಕ್ಕ ನೆಗೆಯುವ ದುಂಬಿಯಲ್ಲಿ ಇಟಲಿ ಮತ್ತು ಸ್ವಿಟ್ಜರ್‌ಲ್ಯಾಂಡ್ ಮೂಲದ ಎರಡು ಗುಂಪುಗಳಿವೆ. ಲ್ಯಾಬಿನಲ್ಲಿ ಎರಡನ್ನೂ ಕೂಡಿಸಿದಾಗ ಬೆರಕೆ ಹೆಣ್ಣುಗಳು ಹೆಚ್ಚು ಫಲವತ್ತಾಗಿದ್ದವು.

ಮರಿ ದುರ್ಬಲವಾದದ್ದಕ್ಕೆ ಉದಾಹರಣೆ ನ್ಯೂಜಿಲೆಂಡ್‌ನದು, ಕೆಳಗೆ ಬೇರೆಯಾಗಿ ಬರುತ್ತದೆ.

ಮೊದಲ ತಲೆಮಾರು ನೋಡಿ ತೀರ್ಮಾನಿಸುವುದೂ ತಪ್ಪು. ಮೊದಲ ತಲೆಮಾರಿನಲ್ಲಿ ಪ್ರತಿ ಮರಿಗೂ ಎರಡೂ ಕಡೆಯಿಂದ ಒಂದೊಂದು ಪೂರ್ತಿ ಜೊತೆ ಜೀನ್ ಸಿಗುತ್ತದೆ. ಒಂದರ ದೋಷವನ್ನು ಇನ್ನೊಂದು ಮುಚ್ಚುತ್ತದೆ. ಎರಡನೇ, ಮೂರನೇ ತಲೆಮಾರಿನಲ್ಲಿ ಜೀನ್‌ಗಳು ಕಲಸಿಹೋಗುತ್ತವೆ. ಎಷ್ಟೋ ಕಾಲದಿಂದ ಒಟ್ಟಿಗೆ ಹೊಂದಿಕೊಂಡು ಬಂದವು ಬೇರೆಯಾಗುತ್ತವೆ. ದೌರ್ಬಲ್ಯ ಕಾಣಿಸಿಕೊಳ್ಳುವುದು ಆಗ.

ಬೆರಕೆ ಹುಳ ಬೇರೆ ಗಿಡ ತಿನ್ನಲು ಶುರು ಮಾಡಿದರೆ?

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಇದಕ್ಕೆ ಪಾಪಾಸು ಕಳ್ಳಿಯ ಕತೆ ಹೇಳಬೇಕು. ನಮ್ಮ ನಾಡಿನ ಜೊತೆಗೂ ಇದರ ನಂಟಿದೆ.

ಕಳ್ಳಿ ಅಮೆರಿಕ ಖಂಡದ ಗಿಡ. ಅದರ ರಸ ಹೀರುವ, ಬಿಳಿ ಹತ್ತಿಯಂಥ ಹೊದಿಕೆಯ ಕೊಚಿನೀಲ್ ಹುಳವೂ ಅಲ್ಲಿಯದೇ. ಬ್ರಿಟಿಷರು 1795 ರಲ್ಲಿ ಕೆಂಪು ಬಣ್ಣ ತೆಗೆಯುವ ಆಸೆಯಿಂದ ಈ ಹುಳವನ್ನು ಭಾರತಕ್ಕೆ ತಂದರು. ಬಂದದ್ದು ಬಣ್ಣಕ್ಕೆ ಬೇಕಾದ ಜಾತಿಯಲ್ಲ, ಬೇರೊಂದು ಜಾತಿ. ಬಣ್ಣದ ಲಾಭ ಬರಲಿಲ್ಲ, ಆದರೆ ಒಂದು ಬಗೆಯ ಕಳ್ಳಿ ಹತೋಟಿಗೆ ಬಂತು. ದಕ್ಷಿಣ ಭಾರತದಲ್ಲಿ ಉಳಿದಿದ್ದ ಇನ್ನೊಂದು ಬಗೆಯ ಕಳ್ಳಿಗಾಗಿ 1926 ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಜಾತಿಯ ಕೊಚಿನೀಲ್ ತರಿಸಿದರು. ಅದೂ ಕೆಲಸ ಮಾಡಿತು.

ಈ ಎರಡನೇ ಜಾತಿ ದಕ್ಷಿಣ ಆಫ್ರಿಕಾದಲ್ಲೂ ಇದೆ, ಎರಡು ಗುಂಪುಗಳಾಗಿ. ಕಣ್ಣಿಗೆ ಎರಡೂ ಒಂದೇ. ಒಂದು ಗುಂಪು ಹಣ್ಣಿನ ಕಳ್ಳಿಯ ಮೇಲೆ ಚೆನ್ನಾಗಿ ಬೆಳೆಯುತ್ತದೆ, ಮುಳ್ಳಿನ ಕಳೆ ಕಳ್ಳಿಯ ಮೇಲೆ ಬೆಳೆಯುವುದಿಲ್ಲ. ಇನ್ನೊಂದು ಗುಂಪಿನದು ಇದರ ತಿರುಗುಮುರುಗು. ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಮುಳ್ಳಿನ ಕಳ್ಳಿ ಹಬ್ಬಿದಾಗ ಮೊದಲು ಬಿಟ್ಟ ಹುಳ ಕೈಕೊಟ್ಟಿತ್ತು. ಸರಿಯಾದ ಗುಂಪನ್ನು 1997 ರಲ್ಲಿ ಬಿಟ್ಟ ಮೇಲೆ ಕಳ್ಳಿ ಕುಸಿಯಿತು. ಜಾತಿಯ ಹೆಸರಷ್ಟೇ ನೋಡಿ ಹುಳ ಬಿಟ್ಟರೆ ಹೇಗೆ ಕೆಡುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಈಗ ಬೆರಕೆಗೆ ಬರೋಣ. ಎರಡೂ ಗುಂಪುಗಳನ್ನು ಕೂಡಿಸಿದಾಗ ಯಾವ ತಡೆಯೂ ಇಲ್ಲದೆ ಮರಿಗಳಾದವು. ಮೊದಲ ತಲೆಮಾರಿನ ಬೆರಕೆ ಮರಿಗಳು ಎರಡೂ ಬಗೆಯ ಕಳ್ಳಿಯ ಮೇಲೆ ಬೆಳೆದವು. ಮುಂದಿನ ತಲೆಮಾರಿನಲ್ಲಿ ಕೆಲವು ಒಂದರ ಮೇಲೆ ಬದುಕಿದವು, ಕೆಲವು ಇನ್ನೊಂದರ ಮೇಲೆ. ಅಂದರೆ ಯಾವ ಗಿಡಕ್ಕೆ ಹೊಂದುತ್ತದೆ ಎಂಬ ಗುಣವೇ ಕಲಸಿಹೋಯಿತು. ಹಣ್ಣಿಗೂ ಮೇವಿಗೂ ಕಳ್ಳಿ ಬೆಳೆಸುವ ರೈತರಿರುವ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ಎರಡು ಬಗೆಯ ಕಳ್ಳಿ ಒಂದೇ ಕಡೆ ಬೆಳೆದಿದ್ದರೆ ಒಂದು ಗುಂಪು ಇನ್ನೊಂದರ ಕೆಲಸ ಕೆಡಿಸಲೂಬಹುದು.

ಇಷ್ಟಾದರೂ ಒಂದು ಸಮಾಧಾನ ಇದೆ. ಈ ಬೆರಕೆಗಳು ಕಳ್ಳಿಯ ಕುಟುಂಬ ಬಿಟ್ಟು ರಾಗಿಗೋ ಟೊಮೆಟೊಗೋ ಹೋಗಲಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಆಗದ ಗಿಡ ಮರಿಗೆ ಆಗುವುದು ಬಹಳ ಅಪರೂಪ. ಆದರೆ ಅಪರೂಪ ಎಂದು ಪರೀಕ್ಷೆ ಬಿಡಬಾರದು. ಟ್ಯಾಮರಿಸ್ಕ್ ದುಂಬಿಯ ಬೆರಕೆಗಳನ್ನು ಕೆಲವು ತಲೆಮಾರು ಸಾಕಿ ನೋಡಿದಾಗಲೂ ಯಾವ ಜೋಡಿ ಎನ್ನುವುದರ ಮೇಲೆ ಫಲಿತಾಂಶ ಬೇರೆ ಬೇರೆ ಬಂತು.

ಹಾರ್ಲಿಕ್ವಿನ್ ಗುಲಗಂಜಿ ಹುಳು ಯುರೋಪ್ ತುಂಬ ಹರಡಿದ್ದಕ್ಕೆ ಬೆರಕೆಯೇ ಕಾರಣವಾ?

ಬೆರಕೆಯ ಪಾಲು ಇದೆ, ಆದರೆ ಅದೊಂದೇ ಕಾರಣವಲ್ಲ.

ಇದು ಏಷ್ಯಾದ ಹುಳು, ಗಿಡಹೇನುಗಳನ್ನು ತಿನ್ನುತ್ತದೆ. ಅಮೆರಿಕದಲ್ಲಿ 1916 ರಿಂದ ಮತ್ತೆ ಮತ್ತೆ ಬಿಟ್ಟರೂ ಅದು ನೆಲೆಯೂರಿದ್ದು ಕಂಡದ್ದು 1988 ರಲ್ಲಿ, ಲೂಸಿಯಾನಾದಲ್ಲಿ. ಯುರೋಪ್‌ಗೆ ಫ್ರಾನ್ಸಿನ ಸಂಶೋಧಕರು 1982 ರಲ್ಲಿ ತಂದು ಲ್ಯಾಬಿನಲ್ಲಿ ಸಾಕಿದರು, ಆಮೇಲೆ ಅದು ಮಾರಾಟಕ್ಕೂ ಬಂತು. 2000 ದ ಆಸುಪಾಸಿನಲ್ಲಿ ಯುರೋಪ್‌ನಲ್ಲಿ ಕಾಡು ಹುಳುವಾಗಿ ಹಬ್ಬಿತು. ಇಂಗ್ಲೆಂಡಿನಲ್ಲಿ 2004 ರಲ್ಲಿ ಕಂಡಿತು. ಅಲ್ಲಿನ ಗುಲಗಂಜಿ ಹುಳುಗಳನ್ನು ಹಿಂದಕ್ಕೆ ತಳ್ಳಿತು. ದ್ರಾಕ್ಷಿ ಗೊಂಚಲಿನಲ್ಲಿ ಸೇರಿಕೊಂಡು ವೈನಿನ ರುಚಿಯನ್ನೂ ಕೆಡಿಸುತ್ತದೆ.

ಲ್ಯಾಬಿನಿಂದಲೇ ತಪ್ಪಿಸಿಕೊಂಡಿತೆಂದು ಸುಲಭವಾಗಿ ಹೇಳಬಹುದಿತ್ತು. ಆದರೆ 2010 ರ ಡಿಎನ್ಎ ಅಧ್ಯಯನ ಬೇರೆ ಕತೆ ಹೇಳಿತು. ಯುರೋಪ್‌ಗೆ ಬಂದದ್ದು ಪೂರ್ವ ಅಮೆರಿಕದಲ್ಲಿ ಆಗಲೇ ಹಬ್ಬಿದ್ದ ಗುಂಪು. ದಕ್ಷಿಣ ಅಮೆರಿಕ, ಆಫ್ರಿಕಾಕ್ಕೆ ಹೋದದ್ದೂ ಅದೇ. ಯುರೋಪ್‌ನಲ್ಲಿ ಮಾತ್ರ ಅದು ಬಯಲಿಗೆ ಬಿಟ್ಟಿದ್ದ ಲ್ಯಾಬ್ ಹುಳುಗಳ ಜೊತೆ ಕೂಡಿತು. ಅಲ್ಲಿನ ಹುಳುವಿನ ಜೀನ್‌ಗಳಲ್ಲಿ ಲ್ಯಾಬ್ ತಳಿಯ ಪಾಲು ಗಣನೀಯವಾಗಿದೆ.

ಹಬ್ಬಿದ ಗುಂಪಿನಲ್ಲಿ ಇನ್ನೊಂದು ವಿಶೇಷ ಕಂಡಿತು. ಸಂಖ್ಯೆ ಕಡಿಮೆಯಿದ್ದ ಹಂತ ದಾಟುವಾಗ ಕೆಟ್ಟ ಜೀನ್‌ಗಳು ತೊಳೆದುಹೋಗಿದ್ದವು. ಒಡಹುಟ್ಟಿದವು ಕೂಡಿದರೂ ಮರಿಗಳಿಗೆ ಹೆಚ್ಚು ತೊಂದರೆಯಾಗಲಿಲ್ಲ. ಏಷ್ಯಾದ ಮೂಲ ಹುಳುಗಳಲ್ಲಿ ಹಾಗಿಲ್ಲ.

ಬೆರೆಯದಂತೆ ತಡೆಯಲು ಆಗುತ್ತದಾ?

ಮೊದಲೇ ಯೋಚಿಸಿದರೆ ಆಗುತ್ತದೆ. ನ್ಯೂಜಿಲೆಂಡ್‌ನವರು ಮಾಡಿ ತೋರಿಸಿದ್ದಾರೆ.

ಅಲ್ಲಿ ಕುದುರೆ ಮಸಾಲೆ ಸೊಪ್ಪನ್ನು ಕೆಡಿಸುವ ಮೂತಿಹುಳಕ್ಕಾಗಿ 1982 ರಲ್ಲಿ ಮೊರಾಕೊದಿಂದ ಒಂದು ಪರಾವಲಂಬಿ ಕಣಜ ತಂದು ಬಿಟ್ಟಿದ್ದರು. ಆಮೇಲೆ ಕ್ಲೋವರ್ ಹುಲ್ಲಿನ ಬೇರು ತಿನ್ನುವ ಇನ್ನೊಂದು ಮೂತಿಹುಳ ಬಂತು. ಮೊರಾಕೊ ಕಣಜ ಅದಕ್ಕೆ ಆಗಲಿಲ್ಲ. ಯುರೋಪ್‌ನಲ್ಲಿ ಅದೇ ಜಾತಿಯ ಬೇರೆ ಗುಂಪು ಇತ್ತು, ಕ್ಲೋವರ್ ಮೂತಿಹುಳವನ್ನು ಚೆನ್ನಾಗಿ ಹಿಡಿಯುತ್ತಿತ್ತು. ತಂದು ಬಿಟ್ಟರೆ ಮುಗಿಯಿತಲ್ವಾ ಎನಿಸುತ್ತದೆ. ಅವರು ಹಾಗೆ ಮಾಡಲಿಲ್ಲ. ಕ್ವಾರಂಟೈನ್ ಲ್ಯಾಬಿನಲ್ಲಿ ಎರಡನ್ನೂ ಕೂಡಿಸಿ ನೋಡಿದರು. ಬೆರಕೆ ಕಣಜಗಳ ಕೆಲಸ ಸಪ್ಪೆಯಾಗಿತ್ತು. ಬಿಟ್ಟಿದ್ದರೆ ಹೊಸದೂ ಕೆಡುತ್ತಿತ್ತು, ಹಳೆಯದೂ ಕೆಡುತ್ತಿತ್ತು.

ಹುಡುಕುತ್ತಾ ಹೋದಾಗ ಐರ್ಲೆಂಡ್‌ನಲ್ಲಿ ಒಂದು ಗುಂಪು ಸಿಕ್ಕಿತು. ಅದರಲ್ಲಿ ಹೆಣ್ಣು ಗಂಡಿನ ಹಂಗಿಲ್ಲದೆ ಹೆಣ್ಣು ಮರಿಗಳನ್ನೇ ಹುಟ್ಟಿಸುತ್ತದೆ. ಕೂಡುವುದೇ ಇಲ್ಲವಾದ್ದರಿಂದ ಬೆರೆಯುವ ಮಾತೇ ಇಲ್ಲ. ಅದನ್ನು 2006 ರಲ್ಲಿ ಬಿಟ್ಟರು. ಕ್ಲೋವರ್ ಉಳಿಯಿತು. ಈ ಇಡೀ ಕ್ಷೇತ್ರದಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವ ತೀರ್ಮಾನ ಇದು. ಅವಸರಪಡದೆ ಕಾದವರ ಕೆಲಸ.

ಹಾಗಾದರೆ ಯಾವಾಗಲೂ ಗಂಡಿಲ್ಲದ ತಳಿಯನ್ನೇ ಬಿಡಬಹುದಲ್ಲ?

ಅದರಲ್ಲೂ ತೊಂದರೆ ಇದೆ, ಉದಾಹರಣೆಯೂ ನ್ಯೂಜಿಲೆಂಡ್‌ನದೇ. ಅರ್ಜೆಂಟೀನಾ ಕಾಂಡ ಮೂತಿಹುಳಕ್ಕಾಗಿ 1991 ರಲ್ಲಿ ದಕ್ಷಿಣ ಅಮೆರಿಕದ ಹಲವು ಜಾಗಗಳಿಂದ ಇನ್ನೊಂದು ಕಣಜ ತಂದು ಬಿಟ್ಟರು. ಅದೂ ಗಂಡಿಲ್ಲದೆ ಮರಿ ಮಾಡುವ ಜಾತಿ. ಮೊದಲ ಕೆಲವು ವರ್ಷ ಬಹಳ ಚೆನ್ನಾಗಿ ಕೆಲಸ ಮಾಡಿತು. ಸುಮಾರು ಏಳು ವರ್ಷದ ಹೊತ್ತಿಗೆ ಕಣಜದ ಹಿಡಿತ ಸಡಿಲವಾಗತೊಡಗಿತು.

ಮೂತಿಹುಳ ಗಂಡು ಹೆಣ್ಣು ಕೂಡಿ ಮರಿ ಮಾಡುತ್ತದೆ. ಪ್ರತಿ ತಲೆಮಾರಿನಲ್ಲೂ ಅದರ ಜೀನ್‌ಗಳು ಹೊಸದಾಗಿ ಕಲೆಯುತ್ತವೆ. ಕಣಜದಿಂದ ತಪ್ಪಿಸಿಕೊಳ್ಳಬಲ್ಲವು ಹೆಚ್ಚಾದವು. ಕಣಜದಲ್ಲಿ ಮಗಳು ಅಮ್ಮನ ಪ್ರತಿ. ಅದು ಬದಲಾಗಲು ದಾರಿಯೇ ಇಲ್ಲ. 2017 ರಲ್ಲಿ ಪ್ರಕಟವಾದ ಅಧ್ಯಯನ ಕೊಟ್ಟ ವಿವರಣೆ ಇದು. ಬೇರೆ ನೈಸರ್ಗಿಕ ಶತ್ರುಗಳಿಗೆ ಜಾಗವಿಲ್ಲದ, ಒಂದೇ ಬಗೆಯ ಹುಲ್ಲುಗಾವಲೂ ಇದಕ್ಕೆ ಕೈಜೋಡಿಸಿತು ಎಂದು ಅದು ಹೇಳುತ್ತದೆ.

ಬೆರಕೆ ತಡೆದರೆ ಒಂದು ಬೆಲೆ, ಬಿಟ್ಟರೆ ಇನ್ನೊಂದು ಬೆಲೆ. ಯಾವ ಪೀಡೆ, ಯಾವ ಜಾಗ, ಎಷ್ಟು ವರ್ಷದ ಯೋಚನೆ ಎಂದು ನೋಡಿ ಆರಿಸಬೇಕು.

ಸ್ಥಳೀಯ ಹುಳದ ಜೊತೆ ಬೆರೆತರೆ?

ಸ್ಥಳೀಯ ಜಾತಿ ಸದ್ದಿಲ್ಲದೆ ಕರಗಿಹೋಗಬಹುದು. ಜಪಾನಿನಲ್ಲಿ ಚೆಸ್ಟ್‌ನಟ್ ಮರದ ಗಂಟು ಕಣಜಕ್ಕಾಗಿ ಚೀನಾದ ಟೊರಿಮಸ್ ಕಣಜವನ್ನು ತಂದು, 1982 ರಲ್ಲಿ ತ್ಸುಕುಬಾದಲ್ಲಿ ಬಿಟ್ಟರು. ಪೀಡೆ ಹತೋಟಿಗೆ ಬಂತು. ಜಪಾನಿನದೇ ಆದ ಹತ್ತಿರದ ಜಾತಿಯೊಂದಿಗೆ ಅದು ಬೆರೆಯಿತು, ಅದನ್ನು ಹಿಂದಕ್ಕೂ ತಳ್ಳಿತು. ಪೂರ್ವ ಅಮೆರಿಕದ ಹೆಮ್ಲಾಕ್ ಮರಗಳನ್ನು ಉಳಿಸಲು ಪಶ್ಚಿಮದಿಂದ ತಂದ ಲ್ಯಾರಿಕೋಬಿಯಸ್ ದುಂಬಿಯೂ ಅಲ್ಲಿನ ಸೋದರ ಜಾತಿಯ ಜೊತೆ ಬೆರೆತಿದೆ. ಒಂದೇ ದೇಶದೊಳಗೆ ಸಾಗಿಸಿದರೂ ಇದು ತಪ್ಪಿದ್ದಲ್ಲ.

ಬೆರಕೆ ಆಗಿದೆ ಎಂದು ಕಂಡುಹಿಡಿಯುವುದು ಹೇಗೆ?

ಕಣ್ಣಿಗೆ ಹೆಚ್ಚಾಗಿ ಕಾಣುವುದಿಲ್ಲ. ಮೈಟೋಕಾಂಡ್ರಿಯಾದ ಡಿಎನ್ಎ ನೋಡಿದರೆ ಅಮ್ಮನ ಕಡೆ ಮಾತ್ರ ಗೊತ್ತಾಗುತ್ತದೆ, ಅಪ್ಪ ಯಾರೆಂದು ತಿಳಿಯುವುದಿಲ್ಲ. ಹಾಗಾಗಿ ಜೀವಕೋಶದ ನ್ಯೂಕ್ಲಿಯಸ್‌ನಲ್ಲಿರುವ ಡಿಎನ್ಎಯನ್ನು ಸಾವಿರಾರು ಕಡೆ ಓದಿ ಹೋಲಿಸುತ್ತಾರೆ. ಹೋಲಿಸಲು ಮೂಲ ಊರಿನ ಹುಳವೂ ಬೇಕು. ಬಿಟ್ಟ ದಿನದ ಹುಳಗಳನ್ನು ಸ್ಪಿರಿಟ್‌ನಲ್ಲಿ ತೆಗೆದಿಟ್ಟಿಲ್ಲದಿದ್ದರೆ ಅರ್ಧ ಪ್ರಶ್ನೆಗಳಿಗೆ ಉತ್ತರವೇ ಸಿಗುವುದಿಲ್ಲ.

ಕರ್ನಾಟಕದಲ್ಲಿ ಇಂಥ ಹುಳಗಳಿವೆಯಾ?

ಬೇಕಾದಷ್ಟಿವೆ. ಪಾರ್ಥೇನಿಯಂ ತಿನ್ನುವ ಮೆಕ್ಸಿಕನ್ ದುಂಬಿಯನ್ನು 1984 ರಲ್ಲಿ ಬೆಂಗಳೂರಿನಲ್ಲೇ ಬಿಟ್ಟದ್ದು. ಈಗ ಅದು ದೇಶದ ಬಹುಭಾಗದಲ್ಲಿದೆ, ನೇಪಾಳ ಪಾಕಿಸ್ತಾನದಲ್ಲೂ ಕಂಡಿದೆ. 1990 ರ ದಶಕದ ಶುರುವಿನಲ್ಲಿ ಸೂರ್ಯಕಾಂತಿ ಎಲೆಯ ಮೇಲೆ ಅದು ಕಂಡಾಗ ದೊಡ್ಡ ಗಲಾಟೆಯಾಗಿತ್ತು. ಎಲೆಯ ಮೇಲೆ ಬಿದ್ದ ಪಾರ್ಥೇನಿಯಂ ಪರಾಗ ಅದನ್ನು ಸೆಳೆಯುತ್ತದೆ ಎಂದು ಆಮೇಲೆ ತಿಳಿಯಿತು. ಬೇರೆ ಕಡೆಯ ದುಂಬಿ ತಂದು ಇದಕ್ಕೆ ಸೇರಿಸುವ ಆಲೋಚನೆ ಯಾರಿಗಾದರೂ ಬಂದರೆ, ಸೂರ್ಯಕಾಂತಿಯ ಪರೀಕ್ಷೆಯನ್ನು ಬೆರಕೆ ಮರಿಗಳ ಮೇಲೂ ಹೊಸದಾಗಿ ಮಾಡಲೇಬೇಕು ಎಂಬುದು ನನ್ನ ಖಚಿತ ಮಾತು.

2010 ರಲ್ಲಿ ಪಪ್ಪಾಯಿ ಹಿಟ್ಟು ತಿಗಣೆಗಾಗಿ ಈಗ ಎನ್‌ಬಿಎಐಆರ್ ಎಂದು ಕರೆಯುವ ಬೆಂಗಳೂರಿನ ಸಂಸ್ಥೆ ಪೋರ್ಟೊ ರಿಕೊದಿಂದ ಮೂರು ಕಣಜ ತರಿಸಿತು. ಪಪ್ಪಾಯಿ, ಹಿಪ್ಪುನೇರಳೆ ಬೆಳೆಗಾರರು ಅದರ ಉಪಕಾರವನ್ನು ಕಂಡಿದ್ದಾರೆ. ಆ ಮೂರೂ ಬೇರೆ ಬೇರೆ ಕುಲದವು, ತಮ್ಮತಮ್ಮಲ್ಲಿ ಬೆರೆಯುವ ಪ್ರಶ್ನೆಯೇ ಬರಲಿಲ್ಲ. ದ್ರಾಕ್ಷಿ, ಕಾಫಿ ತೋಟಗಳಲ್ಲಿ ಹಿಟ್ಟು ತಿಗಣೆಗೆ ಬಿಡುವ ಕ್ರಿಪ್ಟೊಲೀಮಸ್ ಗುಲಗಂಜಿ ಹುಳು 1898 ರಲ್ಲೇ ಆಸ್ಟ್ರೇಲಿಯಾದಿಂದ ಭಾರತಕ್ಕೆ ಬಂದದ್ದು. ಬಯಲಿನಲ್ಲಿ ನೆಲೆಯೂರಿದವೂ ಇವೆ, ಲ್ಯಾಬಿನಲ್ಲಿ ತಲೆಮಾರುಗಟ್ಟಲೆ ಸಾಕಿದವೂ ಇವೆ. ಎರಡೂ ಒಂದೇ ತೋಟದಲ್ಲಿ ಸೇರುತ್ತವೆ.

ನಾನು ಕಬ್ಬಿಗೆ ಟ್ರೈಕೋಗ್ರಾಮ ಕಾರ್ಡ್ (ಪೀಡೆಯ ಮೊಟ್ಟೆ ಹಾಳುಮಾಡುವ ಪುಟ್ಟ ಕಣಜಗಳಿರುವ ಚೀಟಿ) ಕಟ್ಟುತ್ತೇನೆ. ನಾನೂ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾ?

ಹೆದರಬೇಕಾಗಿಲ್ಲ. ಅದು ಬೆಳೆ ಇರುವಾಗ ಮತ್ತೆ ಮತ್ತೆ ಬಿಡುವ ಕಣಜ, ನಮ್ಮಲ್ಲಿ ಮೊದಲಿನಿಂದ ಇರುವ ಜಾತಿ. ಬೆರೆತರೂ ಅಪಾಯ ಕಡಿಮೆ.

ಆದರೆ ಎರಡು ವಿಷಯ ಗಮನಿಸಿ. ಬಿಸಿಲು ತಡೆಯುವ, ಕೀಟನಾಶಕ ತಡೆಯುವ ವಿಶೇಷ ತಳಿ ಎಂದು ಕೊಟ್ಟರೆ, ಆ ಗುಣ ಹೊಲದ ಕಣಜಗಳ ಜೊತೆ ಬೆರೆತು ತೆಳುವಾಗುತ್ತದೆ. ಒಮ್ಮೆ ಕಟ್ಟಿದರೆ ವರ್ಷಗಟ್ಟಲೆ ಉಳಿಯುತ್ತದೆ ಎಂದುಕೊಳ್ಳಬೇಡಿ. ಎರಡನೆಯದು, ಲ್ಯಾಬಿನಲ್ಲಿ ಬಹಳ ಕಾಲ ಹೊಸ ಹುಳ ಸೇರಿಸದೆ ಸಾಕಿದರೆ ಕಣಜ ಸೊರಗುತ್ತದೆ. ಕಾರ್ಡ್ ಕೊಳ್ಳುವಾಗ ಸಾಕಣೆಗೆ ಹೊಲದ ಕಣಜ ಸೇರಿಸಿ ಎಷ್ಟು ಕಾಲವಾಯಿತು ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಹೊರದೇಶದಲ್ಲಿರುವ ಸಂಬಂಧಿಕರ ಕೈಯಲ್ಲಿ ಒಳ್ಳೆ ಹುಳ ತರಿಸಬಹುದಾ?

ಬೇಡವೇ ಬೇಡ. ಅದು ಕಾನೂನಿಗೆ ವಿರುದ್ಧ. ಅನುಮತಿ, ಕ್ವಾರಂಟೈನ್, ಪರೀಕ್ಷೆ ಮೂರೂ ಆಗಬೇಕು. ಹುಳದ ಮೈಯಲ್ಲಿ ಅದರದೇ ರೋಗ, ಪರಾವಲಂಬಿಗಳು ಇರುತ್ತವೆ. ಇಲ್ಲಿರುವ ಗುಂಪಿನ ಜೊತೆ ಬೆರೆತು ಚೆನ್ನಾಗಿ ನಡೆಯುತ್ತಿದ್ದ ಕೆಲಸವನ್ನೂ ಕೆಡಿಸಬಹುದು.

ಲ್ಯಾಬ್ ನಡೆಸುವವರು, ವಿದ್ಯಾರ್ಥಿಗಳು ಏನು ಬರೆದಿಡಬೇಕು?

ಹುಳ ಯಾವ ಊರಿನಿಂದ, ಯಾವ ಗಿಡ ಅಥವಾ ಯಾವ ಪೀಡೆಯ ಮೇಲಿಂದ, ಎಷ್ಟು ಹುಳಗಳಿಂದ ಶುರುವಾಯಿತು. ಎಷ್ಟು ತಲೆಮಾರು ಸಾಕಿದ್ದೀರಿ, ನಡುವೆ ಬೇರೆ ಕಡೆಯ ಹುಳ ಸೇರಿಸಿದ್ದೀರಾ. ಎಲ್ಲಿ, ಯಾವ ದಿನ, ಎಷ್ಟು ಬಿಟ್ಟಿರಿ. ಪ್ರತಿ ಬಿಡುಗಡೆಯಿಂದ ಕೆಲವು ಹುಳಗಳನ್ನು ಸ್ಪಿರಿಟ್‌ನಲ್ಲಿ ಹಾಕಿ, ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು, ಬಾಟಲಿಯ ಒಳಗೇ ಇಡಿ. ಶಾಯಿಯಾದರೆ ಕರಗುತ್ತದೆ. ಬಾಟಲಿಯನ್ನು ಫ್ರೀಜರ್‌ನಲ್ಲಿಟ್ಟರೆ ಡಿಎನ್ಎ ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. ಒಂದು ಜೊತೆಯನ್ನು ಸಂಸ್ಥೆಯ ಸಂಗ್ರಹಕ್ಕೂ ಕೊಡಿ, ಇಟ್ಟವರು ವರ್ಗವಾಗಿ ಹೋದರೂ ಅದು ಅಲ್ಲಿರುತ್ತದೆ.